ಶೇಂಗಾದ ಪ್ರೋಟೀನು, ಹರಳು ಮತ್ತು ಕೈಗುಣ

ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಶೇಂಗಾ ಹಿಂಡಿಯೂ ಗೊತ್ತು, ಶೇಂಗಾ ಹೋಳಿಗೆಯೂ ಗೊತ್ತು. ಆ ಕಾಳಿನೊಳಗೆ ಲೆಕ್ಟಿನ್ ಗುಂಪಿನ ಒಂದು ಪ್ರೋಟೀನು ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಸಕ್ಕರೆಯ ಅಣುಗಳನ್ನು ಗುರುತು ಹಿಡಿದು ಅಂಟಿಕೊಳ್ಳುವುದು ಲೆಕ್ಟಿನ್‌ಗಳ ಗುಣ. ಶೇಂಗಾದ ಲೆಕ್ಟಿನ್ ಅಂಟಿಕೊಳ್ಳುವುದು ಟಿ-ಆಂಟಿಜೆನ್ ಎಂಬ ಜೋಡಿಸಕ್ಕರೆಗೆ. ಆರೋಗ್ಯವಂತ ಕೋಶಗಳಲ್ಲಿ ಮುಚ್ಚಿಕೊಂಡಿರುವ ಈ ಸಕ್ಕರೆ ಹಲವು ಬಗೆಯ ಕ್ಯಾನ್ಸರ್ ಕೋಶಗಳ ಮೈಮೇಲೆ ಬಯಲಾಗಿರುತ್ತದೆ. ಈ ಲೆಕ್ಟಿನ್‌ಗೆ ಪ್ರಯೋಗಾಲಯಗಳಲ್ಲಿ ಬೇಡಿಕೆ ಇರುವುದು ಅದಕ್ಕೇ.

ಈ ಪ್ರೋಟೀನನ್ನು ಹರಳುಗಟ್ಟಿಸಿದ ವರದಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ, ಎಂ. ವಿಜಯನ್ ಮತ್ತು ಅವಧೇಶ ಸುರೋಲಿಯಾ ಅವರ ಗುಂಪುಗಳಿಂದ, 1982ರಲ್ಲಿ ಬಂತು. ಅದರ ಪೂರ್ತಿ ರಚನೆ ಪ್ರಕಟವಾದದ್ದು 1994ರಲ್ಲಿ. ಹರಳು ಕಣ್ಣಿಗೆ ಬಿದ್ದ ಮೇಲೂ ಹನ್ನೆರಡು ವರ್ಷ ಹಿಡಿದಿದೆ. ಇವತ್ತಿನ ಯಂತ್ರಗಳಲ್ಲಿ ಅದೇ ಕೆಲಸ ವಾರಗಳಲ್ಲಿ ಮುಗಿಯಬಹುದು. ಆದರೂ ಒಂದು ವಿಷಯ ಅಂದಿಗೂ ಇಂದಿಗೂ ಬದಲಾಗಿಲ್ಲ. ಹರಳನ್ನು ಮುಟ್ಟುವಾಗ ಕೈ ಮಾಡಿದ ತಪ್ಪನ್ನು ಯಾವ ಸಾಫ್ಟ್‌ವೇರೂ ಅಳಿಸಲಾರದು. ಆದರೆ ಆ ತಪ್ಪು ಅಂಕಿಗಳಲ್ಲಿ ಗುರುತು ಬಿಟ್ಟೇ ಹೋಗಿರುತ್ತದೆ, ಓದಲು ಬರಬೇಕು ಅಷ್ಟೆ. ನಮ್ಮ ಕಡೆಯಿಂದ ಬಿ.ಎಸ್ಸಿ. ಮುಗಿಸಿ ಧಾರವಾಡಕ್ಕೋ ಬೆಂಗಳೂರಿಗೋ ಹೋಗುವ ಮಕ್ಕಳಿಗೆ ಹರಳಿನ ಕೆಲಸವನ್ನೂ ಅಂಕಿಯ ಕೆಲಸವನ್ನೂ ಬೇರೆ ಬೇರೆ ಪಾಠವಾಗಿ ಹೇಳಿಕೊಡುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಈ ವಿದ್ಯೆ ಕೈಗೆ ಹತ್ತುತ್ತದೆ.

ಮೊದಲು ಹರಳು. ಶುದ್ಧ ಮಾಡಿದ ಪ್ರೋಟೀನನ್ನು ಮಿಲಿಲೀಟರಿಗೆ ಹತ್ತಿಪ್ಪತ್ತು ಮಿಲಿಗ್ರಾಂನಷ್ಟು ಗಟ್ಟಿ ಮಾಡಿಕೊಳ್ಳುತ್ತಾರೆ. 24 ಗುಳಿಗಳ ಪ್ಲಾಸ್ಟಿಕ್ ತಟ್ಟೆಯ ಪ್ರತಿ ಗುಳಿಯಲ್ಲೂ ಅರ್ಧ ಮಿಲಿಲೀಟರ್ ಉಪ್ಪಿನ ಅಥವಾ ಪಾಲಿಎಥಿಲೀನ್ ಗ್ಲೈಕಾಲ್‌ನ ದ್ರಾವಣ ಇರುತ್ತದೆ. ತೆಳು ಗಾಜಿನ ಬಿಲ್ಲೆಯ ಮೇಲೆ ಒಂದು ಮೈಕ್ರೋಲೀಟರ್ ಪ್ರೋಟೀನು, ಅದಕ್ಕೆ ಗುಳಿಯ ದ್ರಾವಣ ಒಂದು ಮೈಕ್ರೋಲೀಟರ್ ಸೇರಿಸಿ, ಬಿಲ್ಲೆಯನ್ನು ಮಗುಚಿ, ಅಂಚಿಗೆ ಗ್ರೀಸ್ ಹಚ್ಚಿ ಗುಳಿಯ ಬಾಯಿ ಮುಚ್ಚುತ್ತಾರೆ. ತೂಗುವ ಹನಿಯಿಂದ ನೀರು ಆವಿಯಾಗಿ ಮೆಲ್ಲಗೆ ಕೆಳಗಿನ ದ್ರಾವಣಕ್ಕೆ ಇಳಿಯುತ್ತದೆ, ಹನಿ ಗಟ್ಟಿಯಾಗುತ್ತ ಹೋಗುತ್ತದೆ. ಅದೃಷ್ಟವಿದ್ದರೆ ಪ್ರೋಟೀನು ಸಾಲುಗಟ್ಟಿ ಹರಳಾಗುತ್ತದೆ. ಬಹಳ ಸಲ ಬರುವುದು ಕಂದು ಗಷ್ಟೇ.

ಹರಳು ಬಂದರೂ ಅದು ಪ್ರೋಟೀನಿನದೇ ಎಂದು ನಂಬುವಂತಿಲ್ಲ. ಶೇಂಗಾದ ಲೆಕ್ಟಿನ್‌ಗೆ ಸಕ್ಕರೆ ಹಿಡಿಯಲು ಕ್ಯಾಲ್ಸಿಯಂ, ಮ್ಯಾಂಗನೀಸ್ ಅಯಾನುಗಳು ಬೇಕು. ಇಂಥ ಪ್ರೋಟೀನಿಗೆ ಕ್ಯಾಲ್ಸಿಯಂ ಹಾಕಿ, ಮರೆತು ಫಾಸ್ಫೇಟ್ ಬಫರ್ ಬಳಸಿದರೆ ಹನಿಯಲ್ಲಿ ಬೆಳೆಯುವುದು ಕ್ಯಾಲ್ಸಿಯಂ ಫಾಸ್ಫೇಟ್. ನೋಡಲು ಅಂದವೋ ಅಂದ! ಇಂಡಿಯ ಲಿಂಬೆಯ ಹುಳಿ ಇದೆಯಲ್ಲ, ಆ ಸಿಟ್ರಿಕ್ ಆಮ್ಲದ ಲವಣವೂ ಹರಳುಗಟ್ಟಿಸುವವರ ಕಪಾಟಿನಲ್ಲಿ ಸದಾ ಇರುವ ವಸ್ತುವೇ. ಆದರೆ ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಲೋಹ ಬೇಡುವ ಪ್ರೋಟೀನಿನ ಜೊತೆ ಬಳಸುವ ಮುನ್ನ ಎರಡು ಸಲ ಯೋಚಿಸಬೇಕು. ಉಪ್ಪಿನ ಹರಳೋ ಪ್ರೋಟೀನಿನದೋ ಎಂದು ತಿಳಿಯಲು ಸೂಜಿಯ ಮೊನೆಯಿಂದ ಒತ್ತಿ ನೋಡುವುದು ಹಳೆಯ ದಾರಿ. ಉಪ್ಪು ಟಕ್ಕೆಂದು ಒಡೆಯುತ್ತದೆ, ಪ್ರೋಟೀನು ಸದ್ದಿಲ್ಲದೆ ಪುಡಿಯಾಗುತ್ತದೆ. ಮಿಥಿಲೀನ್ ಬ್ಲೂ ಬಣ್ಣದ ಒಂದು ತೊಟ್ಟು ಬಿಟ್ಟರೆ ಪ್ರೋಟೀನಿನ ಹರಳು ಅದನ್ನು ಹೀರಿ ನೀಲಿಯಾಗುವುದುಂಟು.

ಹೀರುವುದೇಕೆಂದರೆ ಅದರೊಳಗೆ ಜಾಗವಿದೆ. ಪ್ರೋಟೀನಿನ ಹರಳಿನಲ್ಲಿ ಅರ್ಧದಷ್ಟು ನೀರೇ. ಶೇಂಗಾದ ಲೆಕ್ಟಿನ್ನನ್ನೇ ಲೆಕ್ಕ ಹಾಕೋಣ. ಹರಳಿನಲ್ಲಿ ಮತ್ತೆ ಮತ್ತೆ ಮರುಕಳಿಸುವ ಅತಿ ಚಿಕ್ಕ ಪೆಟ್ಟಿಗೆಗೆ ಏಕಕೋಶ ಎನ್ನುತ್ತಾರೆ. ಅದರ ಬದಿಗಳು ಇಲ್ಲಿ ಸುಮಾರು 129, 127, 77 ಆಂಗ್‌ಸ್ಟ್ರಾಮ್. ಗುಣಿಸಿದರೆ 12.6 ಲಕ್ಷ ಘನ ಆಂಗ್‌ಸ್ಟ್ರಾಮ್. ಅದರಲ್ಲಿ ನಾಲ್ಕು ಅಣುಗಳು, ಒಂದೊಂದರ ತೂಕ 1,10,000 ಡಾಲ್ಟನ್. ಭಾಗಿಸಿದರೆ ಡಾಲ್ಟನ್ನಿಗೆ 2.87 ಘನ ಆಂಗ್‌ಸ್ಟ್ರಾಮ್ ಬರುತ್ತದೆ. ಬ್ರಯಾನ್ ಮ್ಯಾಥ್ಯೂಸ್ 1968ರಲ್ಲಿ ಕೊಟ್ಟ ಸೂತ್ರದಂತೆ 1.23ನ್ನು ಈ ಸಂಖ್ಯೆಯಿಂದ ಭಾಗಿಸಿ ಒಂದರಿಂದ ಕಳೆದರೆ 0.57. ಎಂದರೆ ಹರಳಿನ 57% ದ್ರಾವಣ. ಈ ಲೆಕ್ಕಕ್ಕೆ ಕಂಪ್ಯೂಟರ್ ಬೇಕಿಲ್ಲ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಏಕಕೋಶ ತಿಳಿದ ಕೂಡಲೇ ಮಾಡಬೇಕಾದ ಮೊದಲ ಲೆಕ್ಕ ಇದು, ಏಕೆಂದರೆ ಡಾಲ್ಟನ್ನಿಗೆ ಬಂದ ಆ ಸಂಖ್ಯೆ 1.7–3.5ರ ಮಿತಿಯ ಆಚೆ ಹೋದರೆ ಅಣುಗಳ ಎಣಿಕೆಯಲ್ಲೋ, ಹರಳಿನಲ್ಲಿ ಇರುವುದು ಯಾವ ಪ್ರೋಟೀನು ಎಂಬುದರಲ್ಲೋ ಎಡವಟ್ಟಾಗಿರುವ ಸಾಧ್ಯತೆ ಹೆಚ್ಚು.

ಇಷ್ಟು ನೀರಿರುವ ಹರಳನ್ನು ಗಾಳಿಗೆ ಹಿಡಿದರೆ ಏನಾಗುತ್ತದೆ? ಒಣಗುತ್ತದೆ, ಮುದುಡುತ್ತದೆ, ಬಿರಿಯುತ್ತದೆ. ವಿಜಯನ್ ಅವರ ಪ್ರಯೋಗಾಲಯ ಇದನ್ನೇ ಒಂದು ಅಧ್ಯಯನವಾಗಿ ಬೆಳೆಸಿತು. ಮೊಟ್ಟೆಯ ಲೈಸೋಜೈಮ್ ಮುಂತಾದ ಪ್ರೋಟೀನುಗಳ ಹರಳನ್ನು ಗಾಜಿನ ಸಣ್ಣ ನಳಿಕೆಯಲ್ಲಿಟ್ಟು, ಅದರೊಳಗಿನ ತೇವಾಂಶವನ್ನು ಬೇಕೆಂದೇ ಇಳಿಸಿ ನೋಡಿದರು. ಒಂದು ಮಿತಿ ದಾಟಿದ ಮೇಲೆ ಏಕಕೋಶ ಕುಗ್ಗಿ, ಹರಳು ಹರಳಾಗಿಯೇ ಉಳಿದು, ಒಳಗಿನ ಅಣುಗಳು ಕೊಂಚ ಜರುಗಿ ಹೊಸ ಜೋಡಣೆಗೆ ಬರುತ್ತವೆ. ಅಣುವಿನ ಯಾವ ಭಾಗ ಗಟ್ಟಿ, ಯಾವ ಭಾಗ ಸಡಿಲ ಎಂದು ಅದರಿಂದಲೇ ತಿಳಿದುಕೊಂಡರು. ನಮಗಿಲ್ಲಿ ಬೇಕಾದ ಪಾಠ ಸಣ್ಣದು. ಹರಳಿನ ಸುತ್ತಲಿನ ಗಾಳಿಯೂ ಪ್ರಯೋಗದ ಒಂದು ಪದಾರ್ಥವೇ.

ವಿಜಯಪುರ ಜಿಲ್ಲೆಯ ಏಪ್ರಿಲ್–ಮೇ ತಿಂಗಳ ಒಣ ಬಿಸಿಲು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬಿಲ್ಲೆ ತೆರೆದಿಟ್ಟರೆ ಎರಡು ಮೈಕ್ರೋಲೀಟರ್ ಹನಿಯ ಮೇಲೆ ನೋಡುನೋಡುತ್ತಲೇ ಕೆನೆ ಕಟ್ಟುತ್ತದೆ. ಹರಳು ಹಿಡಿಯುವ ಕ್ರಮ ಹೀಗೆ. ಬಿಲ್ಲೆಯನ್ನು ಎತ್ತಿ ಮಗುಚಿದ ತಕ್ಷಣ ಗುಳಿಯ ದ್ರಾವಣವನ್ನೇ ಇನ್ನೆರಡು ಮೈಕ್ರೋಲೀಟರ್ ಹನಿಗೆ ಸೇರಿಸಬೇಕು, ಇದರಿಂದ ಕೆಲಸಕ್ಕೆ ಬಿಡುವು ಸಿಗುತ್ತದೆ. ಹರಳು ಗಾಜಿಗೆ ಅಂಟಿಕೊಂಡಿದ್ದರೆ ಸೂಜಿಯಿಂದ ಹರಳನ್ನು ತಳ್ಳಬಾರದು, ಅದರ ಪಕ್ಕದ ದ್ರವವನ್ನು ಕದಡಿ ಬಿಡಿಸಬೇಕು. ಆಮೇಲೆ ಕಡ್ಡಿಯ ತುದಿಗಿರುವ ನೈಲಾನ್ ಕುಣಿಕೆ. ಅದು ಹರಳಿಗಿಂತ ತುಸುವೇ ದೊಡ್ಡದಿರಬೇಕು. ಹರಳಿನ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗವಾದರೆ ಕುಣಿಕೆಯೂ ಅಷ್ಟೇ ಚಿಕ್ಕದು. ಕೆಳಗಿನಿಂದ ಕುಣಿಕೆ ತೂರಿಸಿ, ಹರಳನ್ನು ಮಧ್ಯಕ್ಕೆ ತಂದು, ಒಂದೇ ಎಳೆತಕ್ಕೆ ಮೇಲೆತ್ತಬೇಕು. ಕೈ ನಡುಗುವವರು ಮುಂಗೈಯನ್ನು ಮೇಜಿಗೆ ಊರಿಕೊಳ್ಳುತ್ತಾರೆ. ದೊಡ್ಡ ಕುಣಿಕೆಯಲ್ಲಿ ಹಿಡಿದರೆ ಹರಳಿನ ಜೊತೆ ದ್ರವವೂ ಹೆಚ್ಚು ಬರುತ್ತದೆ. ಮುಂದೆ ಹರಳಿನ ಮೇಲೆ ಎಕ್ಸ್-ಕಿರಣ ಬಿಟ್ಟು, ಅದು ಚದುರಿ ಮೂಡಿಸುವ ಚುಕ್ಕೆಗಳ ಚಿತ್ರ ತೆಗೆಯಬೇಕು. ಆಗ ಕಿರಣ ಆ ದ್ರವದಲ್ಲೂ ಚದುರಿ ಚಿತ್ರದ ಹಿನ್ನೆಲೆಯನ್ನೆಲ್ಲ ಕಪ್ಪಾಗಿಸುತ್ತದೆ, ದುರ್ಬಲ ಚುಕ್ಕೆಗಳು ಅದರಲ್ಲಿ ಮುಳುಗಿಹೋಗುತ್ತವೆ.

1980ರ ದಶಕದಲ್ಲಿ ಕುಣಿಕೆ ಇರಲಿಲ್ಲ. ಕೂದಲೆಳೆಯಂಥ ಗಾಜಿನ ನಳಿಕೆಗೆ ಹರಳನ್ನು ಎಳೆದುಕೊಂಡು, ಪಕ್ಕದಲ್ಲಿ ಒಂದಿಷ್ಟು ದ್ರಾವಣ ಬಿಟ್ಟು, ಎರಡೂ ತುದಿಗೆ ಮೇಣ ಹಾಕಿ, ಕೋಣೆಯ ಉಷ್ಣತೆಯಲ್ಲೇ ಎಕ್ಸ್-ಕಿರಣ ಬಿಡುತ್ತಿದ್ದರು. ಹರಳು ಬೇಗ ಸಾಯುತ್ತಿತ್ತು. ಕಿರಣ ನೀರನ್ನು ಒಡೆದು ಹುಟ್ಟಿಸುವ ಹೈಡ್ರಾಕ್ಸಿಲ್‌ನಂಥ ಚೂರುಗಳು ಪ್ರೋಟೀನನ್ನು ತಿನ್ನುತ್ತವೆ. ಹಾಗಾಗಿ ಒಂದು ರಚನೆಗೆ ಹಲವು ಹರಳು ಬೇಕಾಗುತ್ತಿತ್ತು. ಈಗ ಹರಳನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಅದ್ದಿ ತಂಪಾಗಿಸಿ, ಸುಮಾರು 100 ಕೆಲ್ವಿನ್‌ನ ತಣ್ಣನೆಯ ಅನಿಲದ ಹರಿವಿನಲ್ಲಿಟ್ಟು ಅಳೆಯುತ್ತಾರೆ. ದ್ರವ ಸಾರಜನಕ ಎಂದರೆ ದೂರದ ವಸ್ತು ಎನಿಸಬಹುದು. ಹಾಗೇನಿಲ್ಲ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಕೆಡದಂತೆ ಇಡುವುದು ಇದೇ ದ್ರವದ ಕಂಟೇನರಿನಲ್ಲಿ. ಪಶು ವೈದ್ಯರು ಮುಚ್ಚಳ ತೆರೆದಾಗ ಹೊಗೆಯಾಡುವುದನ್ನು ಹಳ್ಳಿಯ ಎಷ್ಟೋ ಮಕ್ಕಳು ಕಂಡಿದ್ದಾರೆ.

ಅದ್ದುವುದರಲ್ಲೂ ಕೈಚಳಕ ಬೇಕು. ನೀರು ಮಂಜುಗಡ್ಡೆಯಾದರೆ ಹಿಗ್ಗಿ ಹರಳನ್ನು ಸೀಳುತ್ತದೆ. ಮಂಜಾಗದೆ ಗಾಜಿನಂತೆ ಹೆಪ್ಪುಗಟ್ಟಲಿ ಎಂದು ಮೊದಲೇ 20–25% ಗ್ಲಿಸರಾಲ್ ಇರುವ ದ್ರಾವಣದಲ್ಲಿ ಹರಳನ್ನು ಮುಳುಗಿಸಬೇಕು. ಸೀದಾ 25%ಕ್ಕೆ ಹಾಕಿದರೆ ಕೆಲವು ಹರಳು ಅಲ್ಲೇ ಬಿರಿಯುತ್ತವೆ. ಅಂಥವನ್ನು 5, 10, 15 ಎಂದು ಮೆಟ್ಟಿಲು ಮೆಟ್ಟಿಲಾಗಿ ಒಯ್ಯಬೇಕು. ಆಮೇಲೆ ತಡಮಾಡದೆ ಅದ್ದಬೇಕು. ದ್ರವ ಸಾರಜನಕದ ಮೇಲೆ ತಣ್ಣನೆಯ ಅನಿಲದ ಒಂದು ಪದರ ಇರುತ್ತದೆ, ಅದರಲ್ಲಿ ಕುಣಿಕೆ ಮೆಲ್ಲಗೆ ಇಳಿದರೆ ಹರಳು ನಿಧಾನವಾಗಿ ಹೆಪ್ಪುಗಟ್ಟುತ್ತದೆ, ನಿಧಾನವೆಂದರೆ ಮಂಜು. ಹರಳು ಹಾಳಾದಾಗ ತಪ್ಪು ಗ್ಲಿಸರಾಲ್‌ನದೋ ಹರಳಿನದೇ ಸ್ವಭಾವವೋ ತಿಳಿಯುವ ದಾರಿ ಒಂದೇ. ಅದೇ ತಟ್ಟೆಯ ಇನ್ನೊಂದು ಹರಳನ್ನು ಹೆಪ್ಪುಗಟ್ಟಿಸದೆ ಕೋಣೆಯ ಉಷ್ಣತೆಯಲ್ಲಿ ಒಂದೆರಡು ಚಿತ್ರ ತೆಗೆದು ನೋಡುವುದು. ಇದನ್ನು ಮಾಡದೆ ತಿಂಗಳುಗಟ್ಟಲೆ ಹೊಸ ಹೊಸ ದ್ರಾವಣ ಹುಡುಕುವವರೇ ಹೆಚ್ಚು.

ಈಗ ಚಿತ್ರಗಳಿಗೆ ಬರೋಣ. ಹರಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನೂರಾರು ಚಿತ್ರ ತೆಗೆಯುತ್ತಾರೆ. ಪ್ರತಿ ಚಿತ್ರದಲ್ಲೂ ಚುಕ್ಕೆಗಳ ಸಾಲು. ಎಕ್ಸ್‌ಡಿಎಸ್, ಡಯಲ್ಸ್, ಐಮಾಸ್‌ಫ್ಲಂ ಮುಂತಾದ ಪ್ರೋಗ್ರಾಂಗಳು ಆ ಚುಕ್ಕೆಗಳಿಗೆ ವಿಳಾಸ ಕೊಟ್ಟು, ಒಂದೊಂದರ ತೀವ್ರತೆ ಅಳೆಯುತ್ತವೆ. ಪ್ರೋಗ್ರಾಂ ಓಡಿಸುವ ಮುನ್ನ ಚಿತ್ರವನ್ನು ಕಣ್ಣಿಂದ ನೋಡುವ ಅಭ್ಯಾಸವಿರಲಿ. ಕೈಯ ಕತೆಯೆಲ್ಲ ಅಲ್ಲಿ ಕಾಣುತ್ತದೆ. ದೂರದೂರ ಬಿದ್ದ ನಾಲ್ಕಾರು ಕಡುಗಪ್ಪು ಚುಕ್ಕೆಗಳಾದರೆ ಅದು ಉಪ್ಪು, ಪ್ರೋಟೀನಿನ ಚುಕ್ಕೆಗಳು ಒತ್ತೊತ್ತಾಗಿರುತ್ತವೆ. 3.9, 3.67, 3.44 ಆಂಗ್‌ಸ್ಟ್ರಾಮ್‌ನಲ್ಲಿ ಬಳೆಗಳು ಕಂಡರೆ ಮಂಜು. ಒಂದೊಂದು ಚುಕ್ಕೆಯೂ ಎರಡಾಗಿ ಸೀಳಿದ್ದರೆ ಹರಳು ಬಿರಿದಿದೆ, ಇಲ್ಲವೇ ಎರಡು ಹರಳು ಅಂಟಿಕೊಂಡು ಬಂದಿವೆ. ಚುಕ್ಕೆಗಳು ಉದ್ದಕ್ಕೆ ಎಳೆದಂತಿದ್ದರೆ ಹೆಪ್ಪುಗಟ್ಟುವಾಗ ಒಳಗಿನ ಸಾಲುಗಳು ಕದಡಿವೆ.

ಮುಂದಿನ ಸುಳಿವು ಪ್ರೋಗ್ರಾಂ ಬರೆದಿಡುವ ಲಾಗ್ ಫೈಲಿನಲ್ಲಿ ಸಿಗುತ್ತದೆ. ಚಿತ್ರದ ಕ್ರಮಸಂಖ್ಯೆಗೆ ಎದುರಾಗಿ, ಚಿತ್ರಗಳ ತೀವ್ರತೆಯನ್ನು ಸರಿದೂಗಿಸುವ ಸ್ಕೇಲ್ ಗುಣಾಂಕದ ಗೆರೆ ಅಲೆಯಂತೆ ಏರಿಳಿದರೆ ಹರಳು ಕಿರಣದ ನಡುವೆ ಸರಿಯಾಗಿ ಕೂತಿಲ್ಲ, ತಿರುಗುವಾಗ ಒಳಹೊರಗೆ ಆಗಿದೆ. ಪರಮಾಣುಗಳ ಅಲುಗಾಟ, ಕದಡುವಿಕೆಯನ್ನು ಹೇಳುವ ಬಿ-ಅಂಶ ಒಂದೇ ಸಮನೆ ಕೆಡುತ್ತ ಹೋಗಿ, ಏಕಕೋಶವೂ ತುಸುತುಸು ಹಿಗ್ಗುತ್ತಿದ್ದರೆ ವಿಕಿರಣದ ಹಾನಿ, ಕೊನೆಯ ಕೆಲವು ಚಿತ್ರಗಳನ್ನು ಬಿಟ್ಟುಬಿಡುವುದು ಲೇಸು. ಹೆಪ್ಪುಗಟ್ಟಿದ ಹರಳಿಗೂ ಮಿತಿ ಇದೆ, ಸುಮಾರು 30 ಮೆಗಾಗ್ರೇ. ಮೊದಲು ಮುರಿಯುವುದು ಗಂಧಕ–ಗಂಧಕ ಬಂಧಗಳು.

ಚುಕ್ಕೆಗಳನ್ನು ರೆಸಲ್ಯೂಷನ್ನಿಗೆ, ಎಂದರೆ ಅವು ತೋರಿಸುವ ವಿವರದ ಸೂಕ್ಷ್ಮತೆಗೆ, ತಕ್ಕಂತೆ ಕವಚಗಳಾಗಿ ವಿಂಗಡಿಸಿದ ಪಟ್ಟಿಯೂ ಲಾಗ್ ಫೈಲಿನಲ್ಲಿ ಇರುತ್ತದೆ. ಹೊಸಬರು ನೇರವಾಗಿ ಅದರ ಕೊನೆಯ ಸಾಲಿಗೆ, ಅತಿ ಸೂಕ್ಷ್ಮ ರೆಸಲ್ಯೂಷನ್ ಕವಚಕ್ಕೆ ಹೋಗುತ್ತಾರೆ. ನನ್ನ ಮಟ್ಟಿಗೆ ಮೊದಲ ಸಾಲೇ ಮುಖ್ಯ. ಅಲ್ಲಿನ ಚುಕ್ಕೆಗಳು ಅತ್ಯಂತ ಬಲವಾದವು, ಅಲ್ಲಿ ದೋಷ ಮೂರ್ನಾಲ್ಕು ಶೇಕಡಾ ಇರಬೇಕು. ಹತ್ತು ಶೇಕಡಾ ಇದ್ದರೆ ಸಮ್ಮಿತಿಯನ್ನು ತಪ್ಪಾಗಿ ಊಹಿಸಲಾಗಿದೆ, ಇಲ್ಲವೇ ಡಿಟೆಕ್ಟರಿಗೆ ಆ ಚುಕ್ಕೆಗಳ ಹೊಳಪನ್ನು ತಡೆದುಕೊಳ್ಳಲಾಗಿಲ್ಲ, ಇಲ್ಲವೇ ಕಿರಣದ ದಾರಿಯಲ್ಲಿ ಏನೋ ಅಡ್ಡ ಇದೆ. ಕೊನೆಯ ಸಾಲು ಎಷ್ಟೇ ಚೆಂದವಿದ್ದರೂ ಇದು ಸರಿಯಾಗದೆ ಮುಂದಕ್ಕೆ ಹೋಗಬಾರದು.

ಆರ್-ಮರ್ಜ್ ಎಂಬ ಹಳೆಯ ಸಂಖ್ಯೆಯ ಬಗ್ಗೆ ಒಂದು ಮಾತು. ಒಂದೇ ಚುಕ್ಕೆಯನ್ನು ಹಲವು ಸಲ ಅಳೆದಾಗ ಅಳತೆಗಳು ಎಷ್ಟು ಚದುರಿವೆ ಎಂದು ಅದು ಹೇಳುತ್ತದೆ. ವಿಚಿತ್ರವೆಂದರೆ ಹೆಚ್ಚು ಸಲ ಅಳೆದಷ್ಟೂ ಸರಾಸರಿ ಉತ್ತಮವಾಗುತ್ತದೆ, ಆರ್-ಮರ್ಜ್ ಮಾತ್ರ ಕೆಟ್ಟದಾಗಿ ಕಾಣುತ್ತದೆ! 1997ರಲ್ಲಿ ಡೀಡೆರಿಕ್ಸ್ ಮತ್ತು ಕಾರ್ಪ್ಲಸ್ ಇದಕ್ಕೆ ತಿದ್ದುಪಡಿ ತಂದರು. ಎರಡೇ ಸಲ ಅಳೆದಿದ್ದರೆ ಚುಕ್ಕೆಯ ಪಾಲನ್ನು 1.41ರಿಂದ ಗುಣಿಸು, ಹತ್ತು ಸಲ ಅಳೆದಿದ್ದರೆ 1.05ರಿಂದ. ಹೀಗೆ ತಿದ್ದಿದ ಸಂಖ್ಯೆ ಆರ್-ಮೆಸ್. ಅದೇ ಜೋಡಿ 2012ರಲ್ಲಿ ಇನ್ನೂ ಒಳ್ಳೆಯ ಅಳತೆಗೋಲು ಕೊಟ್ಟಿತು. ಪ್ರತಿ ಚುಕ್ಕೆಯ ಅಳತೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಎರಡೂ ಪಾಲಿನ ಸರಾಸರಿಗಳು ಎಷ್ಟು ಹೊಂದುತ್ತವೆ ಎಂದು ನೋಡುವುದು. ಇದರ ಹೆಸರು ಸಿಸಿ-ಹಾಫ್. ಕೊನೆಯ ಕವಚದಲ್ಲಿ 0.3ರಿಂದ 0.5ರವರೆಗೆ ಇಳಿದರೂ ಅಲ್ಲಿ ಉಪಯುಕ್ತ ಮಾಹಿತಿ ಇರುತ್ತದೆ. ಆರ್-ಮರ್ಜ್ 60% ದಾಟಿತೆಂದು ಹಿಂದೆ ಕತ್ತರಿಸಿ ಬಿಸಾಡಿದ ಎಷ್ಟೋ ಚುಕ್ಕೆಗಳು ಬಾಳುವಂಥವೇ ಆಗಿದ್ದವು.

ಶೇಂಗಾದ ಲೆಕ್ಟಿನ್‌ನ 1994ರ ಪ್ರಬಂಧದಲ್ಲಿ 10ರಿಂದ 2.95 ಆಂಗ್‌ಸ್ಟ್ರಾಮ್‌ವರೆಗಿನ 22,155 ಪ್ರತಿಫಲನಗಳನ್ನು, ಎಂದರೆ ಚುಕ್ಕೆಗಳನ್ನು, ಬಳಸಿದ್ದಾಗಿ ಇದೆ. ಏಕಕೋಶದ ಗಾತ್ರದಿಂದ ಎಣಿಸಿದರೆ ಆ ಮಿತಿಯೊಳಗೆ ಇರಬಹುದಾದವು ಸುಮಾರು 25,000. ಎಂದರೆ 88% ಕೈಸೇರಿವೆ. ಇನ್ನೊಂದು ಬದಿಯನ್ನೂ ಎಣಿಸಿ. ಒಂದೊಂದು ಅಣುವಿನಲ್ಲಿ ನಾಲ್ಕು ಉಪಘಟಕ, ಒಂದೊಂದರಲ್ಲಿ 236ರಷ್ಟು ಅಮೈನೋ ಆಮ್ಲ, ಜಲಜನಕ ಬಿಟ್ಟು ಒಟ್ಟು ಸುಮಾರು 7,000 ಪರಮಾಣು. ಪ್ರತಿಯೊಂದಕ್ಕೂ ಮೂರು ನಿರ್ದೇಶಾಂಕ, ಅಲ್ಲಿಗೆ ಗೊತ್ತಿಲ್ಲದ ಸಂಖ್ಯೆಗಳೇ 21,000! ಅಳತೆಗಳೂ ಅಷ್ಟೇ, ಅಜ್ಞಾತಗಳೂ ಅಷ್ಟೇ. ಬಂಧದ ಉದ್ದ, ಕೋನಗಳ ಬಗ್ಗೆ ರಸಾಯನಶಾಸ್ತ್ರದಿಂದ ಮೊದಲೇ ಗೊತ್ತಿರುವ ನಿರ್ಬಂಧಗಳು ಕೈಹಿಡಿಯದಿದ್ದರೆ ಈ ಲೆಕ್ಕ ನಿಲ್ಲುವುದೇ ಇಲ್ಲ. 1996ರಲ್ಲಿ ಅದೇ ಗುಂಪು ಲ್ಯಾಕ್ಟೋಸ್ ಹಿಡಿದಿರುವ ಲೆಕ್ಟಿನ್ನನ್ನು 2.25 ಆಂಗ್‌ಸ್ಟ್ರಾಮ್‌ನಲ್ಲಿ ಪ್ರಕಟಿಸಿತು. 2.95ರಿಂದ 2.25ಕ್ಕೆ ಇಳಿದದ್ದು ಅಲ್ಪವೆನಿಸಬಹುದು, ಆದರೆ ಸಿಗಬಹುದಾದ ಚುಕ್ಕೆಗಳು ಎರಡೂಕಾಲು ಪಟ್ಟು ಹೆಚ್ಚುತ್ತವೆ.

ಚುಕ್ಕೆಯ ತೀವ್ರತೆ ಅರ್ಧ ಉತ್ತರ ಮಾತ್ರ. ಅಲೆಗಳ ಏರಿಳಿತ ಯಾವ ಹಂತದಲ್ಲಿದೆ ಎಂಬ ಫೇಸ್ ಚಿತ್ರದಲ್ಲಿ ದಾಖಲಾಗುವುದಿಲ್ಲ. ಶೇಂಗಾದ ಲೆಕ್ಟಿನ್‌ಗೆ ಬಳಸಿದ್ದು ಭಾರಲೋಹದ ದಾರಿ. ಪಾದರಸ, ಪ್ಲಾಟಿನಂನಂಥ ಲೋಹದ ದ್ರಾವಣದಲ್ಲಿ ಹರಳನ್ನು ನೆನೆಸಿ, ನೆನೆಸಿದ ಮತ್ತು ನೆನೆಸದ ಹರಳುಗಳ ಚುಕ್ಕೆಗಳ ವ್ಯತ್ಯಾಸದಿಂದ ಫೇಸ್ ಹೆಕ್ಕುವುದು. ಇಲ್ಲಿಯೂ ಕೈಗುಣವೇ. ಏಕಕೋಶದ ಮೂರೂ ಬದಿಗಳು ಬರೀ ಅರ್ಧ ಶೇಕಡಾ ಬದಲಾದರೂ 3 ಆಂಗ್‌ಸ್ಟ್ರಾಮ್‌ನಲ್ಲಿ ತೀವ್ರತೆಗಳು 15%ರಷ್ಟು ಏರುಪೇರಾಗಬಹುದು ಎಂದು ಕ್ರಿಕ್ ಮತ್ತು ಮ್ಯಾಗ್ಡಾಫ್ 1956ರಲ್ಲೇ ಲೆಕ್ಕ ಕೊಟ್ಟಿದ್ದರು. ಹರಳು ತುಸು ಒಣಗಿದರೆ ಅಷ್ಟು ಕುಗ್ಗುವುದು ಸಲೀಸು. ಲೋಹದ ಸುಳಿವು ಅದರಲ್ಲಿ ಮುಚ್ಚಿಹೋಗುತ್ತದೆ. ಇವತ್ತು ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಂ ಊಹಿಸಿಕೊಟ್ಟ ಮಾದರಿಯನ್ನೇ ಏಕಕೋಶದಲ್ಲಿ ಕೂರಿಸಿ ಬಹುಪಾಲು ಫೇಸ್ ಪಡೆಯುತ್ತಾರೆ. ದಾರಿ ಸುಲಭವಾಯಿತು, ಅದರ ಜೊತೆಗೆ ಹೊಸ ಅಪಾಯವೂ ಬಂತು: ಫೇಸ್ ಸೇರಿಸಿ ಬರೆದ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ ನಾವು ಕೊಟ್ಟ ಮಾದರಿಯನ್ನೇ ನಮಗೆ ತಿರುಗಿ ತೋರಿಸುತ್ತದೆ.

ಅದಕ್ಕಾಗಿಯೇ ಆರ್-ಫ್ರೀ. ಗೈಡಿನಲ್ಲಿ ಉತ್ತರ ಉರು ಹೊಡೆದ ಹುಡುಗನಿಗೆ ಗೈಡಿನದೇ ಪ್ರಶ್ನೆ ಕೊಟ್ಟರೆ ನೂರಕ್ಕೆ ನೂರು ಬರುತ್ತದೆ, ತಿಳಿವಳಿಕೆ ಅಳೆಯಲು ಅವನು ನೋಡಿರದ ಪ್ರಶ್ನೆ ಬೇಕು. 1992ರಲ್ಲಿ ಆಕ್ಸೆಲ್ ಬ್ರೂಂಗರ್ ಸೂಚಿಸಿದ್ದು ಅದನ್ನೇ. ಸುಮಾರು 5% ಚುಕ್ಕೆಗಳನ್ನು ಬದಿಗಿಟ್ಟು, ಮಾದರಿ ತಿದ್ದುವಾಗ ಅವನ್ನು ಮುಟ್ಟದೆ, ಕೊನೆಗೆ ಅವುಗಳೊಂದಿಗೆ ಮಾತ್ರ ಹೋಲಿಸುವುದು. ಉಳಿದ ಚುಕ್ಕೆಗಳಿಗೂ ಮಾದರಿಗೂ ಇರುವ ವ್ಯತ್ಯಾಸವಾದ ಆರ್ ಇಳಿಯುತ್ತಿದ್ದು, ಬದಿಗಿಟ್ಟವುಗಳ ವ್ಯತ್ಯಾಸವಾದ ಆರ್-ಫ್ರೀ ಮೇಲೇರುತ್ತಿದ್ದರೆ ನಾವು ಗದ್ದಲಕ್ಕೆ ಪರಮಾಣು ಜೋಡಿಸುತ್ತಿದ್ದೇವೆ ಎಂದರ್ಥ. ಶೇಂಗಾದ ಲೆಕ್ಟಿನ್‌ನಂತೆ ಒಂದೇ ತರಹದ ನಾಲ್ಕು ಉಪಘಟಕಗಳಿದ್ದರೆ ಬದಿಗಿಟ್ಟ ಚುಕ್ಕೆಗಳ ಮಾಹಿತಿ ಅವುಗಳ ನೆರೆಯ ಚುಕ್ಕೆಗಳ ಮೂಲಕ ಸೋರಿಬರಬಹುದು. ಅಂಥಲ್ಲಿ ಚುಕ್ಕೆಗಳನ್ನು ಅಲ್ಲೊಂದು ಇಲ್ಲೊಂದು ಆರಿಸದೆ ತೆಳುವಾದ ಕವಚಗಳಾಗಿ ತೆಗೆದಿಡುವುದು ಜಾಣತನ.

ಇನ್ನೊಂದು ಸಾಕ್ಷಿ ನಮ್ಮವರದೇ. ಜಿ.ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ ನಕ್ಷೆಯಲ್ಲಿ, ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಚಿಕೊಳ್ಳಬಹುದು, ಯಾವುದರಲ್ಲಿ ಪರಮಾಣುಗಳು ಢಿಕ್ಕಿ ಹೊಡೆಯುತ್ತವೆ ಎಂದು ಗುರುತಾಗಿದೆ. ರಾಮಚಂದ್ರನ್ ಮುಂದೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಆಣ್ವಿಕ ಜೀವಭೌತಶಾಸ್ತ್ರ ಘಟಕ ಕಟ್ಟಿದರು. ಈಗ ಜಗತ್ತಿನಲ್ಲಿ ಎಲ್ಲೇ ಪ್ರೋಟೀನಿನ ರಚನೆ ಠೇವಣಿಯಾದರೂ ಅದನ್ನು ಈ ನಕ್ಷೆಯಿಂದ ಪರೀಕ್ಷಿಸುತ್ತಾರೆ. ಹಾಗಂತ ಎಚ್ಚರಿಕೆ ಬಂದದ್ದೆಲ್ಲ ತಪ್ಪಲ್ಲ. ದ್ವಿದಳ ಧಾನ್ಯಗಳ ಲೆಕ್ಟಿನ್‌ಗಳಲ್ಲಿ ಒಂದು ಅಲನೀನ್ ಮತ್ತು ಆಸ್ಪಾರ್ಟಿಕ್ ಆಮ್ಲದ ನಡುವಿನ ಪೆಪ್ಟೈಡ್ ಬಂಧ ಸಿಸ್ ರೂಪದಲ್ಲಿದೆ. ಪ್ರೋಲೀನ್ ಇಲ್ಲದ ಕಡೆ ಇದು ತೀರ ಅಪರೂಪ, ಪರಿಶೀಲನಾ ಪ್ರೋಗ್ರಾಂ ಕೂಡಲೇ ಬೊಟ್ಟು ಮಾಡುತ್ತದೆ. ಆದರೆ ಅದು ನಿಜ. ಲೋಹದ ಅಯಾನುಗಳು ಕೂರುವ ತಾಣ ಸರಿಯಾಗಿರುವುದೇ ಆ ಬಂಧದಿಂದ. ಪ್ರೋಗ್ರಾಂ ಹೇಳಿತೆಂದು ತಿದ್ದಿದ್ದರೆ ರಚನೆ ಕೆಡುತ್ತಿತ್ತು.

ನಾಲ್ಕು ಉಪಘಟಕಗಳ ಜೋಡಣೆಯಂತೂ ಇನ್ನೂ ದೊಡ್ಡ ಅಚ್ಚರಿ. ನಾಲ್ಕು ಒಂದೇ ತೆರನ ಘಟಕಗಳ ಪ್ರೋಟೀನಿನಲ್ಲಿ ನಿರೀಕ್ಷಿಸುವ ಮುಚ್ಚಿದ ಸಮ್ಮಿತಿ ಶೇಂಗಾದ ಲೆಕ್ಟಿನ್‌ನಲ್ಲಿ ಇಲ್ಲ, ಜೋಡಣೆ ತೆರೆದುಕೊಂಡೇ ಇದೆ. ಲೆಕ್ಟಿನ್‌ಗಳ ಜೋಡಣೆ ಬೇರೆ ಬೇರೆಯಾಗುವುದು ಅವಕ್ಕೆ ರಾಸಾಯನಿಕ ಬಂಧದಿಂದ ಕಾಯಂ ಆಗಿ ಅಂಟಿದ ಸಕ್ಕರೆಯಿಂದ ಎಂಬ ಆಗಿನ ವಿವರಣೆಯೂ ಇದರಿಂದ ಅಲುಗಾಡಿತು, ಏಕೆಂದರೆ ಶೇಂಗಾದ ಲೆಕ್ಟಿನ್‌ಗೆ ಅಂಥ ಸಕ್ಕರೆಯೇ ಅಂಟಿಲ್ಲ. ಮೂರು ಆಂಗ್‌ಸ್ಟ್ರಾಮ್ ಹತ್ತಿರದ ಅಳತೆಯಿಂದ ಇಷ್ಟು ದೊಡ್ಡ ಮಾತು ಹೇಳಬೇಕಾದರೆ ಪ್ರತಿ ಹಂತದ ಅಂಕಿಯ ಮೇಲೂ ಭರವಸೆ ಬೇಕು.

ನಮ್ಮ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಎಕ್ಸ್-ಕಿರಣದ ಯಂತ್ರ ಸಿಗದಿದ್ದರೂ ಈ ಕೆಲಸದ ಎರಡು ತುದಿಗಳನ್ನು ಅಲ್ಲೇ ಕಲಿಯಬಹುದು. ಲೈಸೋಜೈಮ್ ಪುಡಿ ದುಬಾರಿಯಲ್ಲ. ಪಿಎಚ್ 4.5ರ ಸೋಡಿಯಂ ಅಸಿಟೇಟ್‌ನಲ್ಲಿ ಮಿಲಿಲೀಟರಿಗೆ 20ರಿಂದ 50 ಮಿಲಿಗ್ರಾಂ ಕರಗಿಸಿ, ಗುಳಿಗಳಲ್ಲಿ 4ರಿಂದ 8% ಉಪ್ಪಿನ ದ್ರಾವಣವಿಟ್ಟು ಹನಿ ತೂಗಿಸಿದರೆ ಸಾಮಾನ್ಯವಾಗಿ ಮರುದಿನವೇ ಹರಳು. ತಟ್ಟೆಯನ್ನು 20 ಡಿಗ್ರಿಯ ಆಸುಪಾಸಿನಲ್ಲಿ, ಏರಿಳಿತವಿಲ್ಲದಂತೆ ಇಡುವುದೇ ಕಷ್ಟ. ಕರೆಂಟು ಹೋಗಿ ಬಂದರೆ ಹರಳು ಕರಗಿ ಮತ್ತೆ ಅಡ್ಡಾದಿಡ್ಡಿ ಬೆಳೆಯುತ್ತದೆ. ನೀರಿನ ಬಾಟಲಿಗಳಿರುವ ದಪ್ಪ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟರೆ ಒಂದೆರಡು ತಾಸಿನ ಏರುಪೇರನ್ನು ತಡೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು.

ಇನ್ನೊಂದು ತುದಿಗೆ ಬೇಕಿರುವುದು ಲ್ಯಾಪ್‌ಟಾಪ್ ಮತ್ತು ತಾಳ್ಮೆ. ಡಯಲ್ಸ್, ಸಿಸಿಪಿ4, ರಚನೆಯನ್ನು ತೆರೆದು ನೋಡುವ ಕೂಟ್, ಈ ಪ್ರೋಗ್ರಾಂಗಳು ವಿದ್ಯಾರ್ಥಿಗಳಿಗೆ ಪುಕ್ಕಟೆ. ಜೆನೊಡೊದಂಥ ತೆರೆದ ಭಂಡಾರಗಳಲ್ಲಿ ಲೈಸೋಜೈಮ್‌ನ ಮೂಲ ಚಿತ್ರಗಳು ಸಿಗುತ್ತವೆ. ಕೆಲವು ಗಿಗಾಬೈಟ್ ಇರುವುದರಿಂದ ಮೊಬೈಲ್ ಡೇಟಾ ಖಾಲಿಯಾಗುವ ಮೊದಲು ಕಾಲೇಜಿನ ವೈಫೈ ನೋಡಿಕೊಳ್ಳಿ. ಶೇಂಗಾವನ್ನೇ ನೋಡಬೇಕೆಂದರೆ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 2ಪಿಇಎಲ್ ಎಂಬ ಸಂಕೇತದಡಿ 1996ರ ರಚನೆ ಇದೆ. ಅದನ್ನು ಕೂಟ್‌ನಲ್ಲಿ ತೆರೆದು ಮೊದಲು ಆ ಸಿಸ್ ಬಂಧವನ್ನು ಹುಡುಕಿ. ನಾಲ್ಕೂ ಉಪಘಟಕಗಳಲ್ಲಿ ಒಂದೇ ಜಾಗದಲ್ಲಿ ಸಿಗಬೇಕು. ಆಮೇಲೆ ಲ್ಯಾಕ್ಟೋಸ್‌ಗೆ ಹೋಗಿ, ಅದರ ಪರಮಾಣುಗಳ ಬಿ-ಅಂಶವನ್ನು ಅದನ್ನು ಹಿಡಿದಿರುವ ಅಮೈನೋ ಆಮ್ಲಗಳದರೊಂದಿಗೆ ಹೋಲಿಸಿ. ಲ್ಯಾಕ್ಟೋಸ್‌ನ ಎರಡು ಉಂಗುರಗಳಲ್ಲಿ ಯಾವುದು ಬಿಗಿಯಾಗಿ ಕೂತಿದೆ, ಯಾವುದು ಸಡಿಲವಾಗಿದೆ ಎಂದು ಆ ಅಂಕಿಗಳಿಂದಲೇ ಹೇಳಬಹುದು.